ಸುಣ್ಣದ ಗೂಡಿನ ಲೆಕ್ಕ

ಸುಣ್ಣಕಲ್ಲು ನೂರು ವರ್ಷ ಬಿಸಿಲಿಗೆ ಬಿದ್ದಿದ್ದರೂ ಸುಣ್ಣವಾಗದು. ಗೂಡಿಗೆ ಹಾಕಿದರೆ ದಿನವೊಪ್ಪತ್ತಿನಲ್ಲಿ ಆಗಿಬಿಡುತ್ತದೆ. ಒಂದು ರಾಸಾಯನಿಕ ಕ್ರಿಯೆ ಯಾವ ದಿಕ್ಕಿಗೆ ನಡೆಯಬೇಕು ಎಂಬುದರಲ್ಲಿ ತಾಪಮಾನದ ಮಾತು ಎಲ್ಲಿಯವರೆಗೆ ನಡೆಯುತ್ತದೆ?

ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಅಡಿಕೆ ಬೆಳೆಗಾರರ ಅಂಗಳದಲ್ಲಿ ಬೋರ್ಡೋ ತಯಾರಿ ಶುರುವಾಗುತ್ತದೆ. ಕೊಳೆರೋಗಕ್ಕೆ ಇವತ್ತಿಗೂ ನೆಚ್ಚಿನ ಮದ್ದು ಅದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಟ್ಟ ಸುಣ್ಣದ ಹರಳುಗಳ ಮೇಲೆ ನೀರು ಚಿಮುಕಿಸಿದರೆ ಮೊದಲು ಏನೂ ಆಗುವುದಿಲ್ಲ. ಹರಳು ನೀರು ಕುಡಿದು ಸುಮ್ಮನಿರುತ್ತದೆ. ಸ್ವಲ್ಪ ಹೊತ್ತಿಗೆ ಚಟಪಟ ಸದ್ದು, ಕಲ್ಲಿನಂತಿದ್ದದ್ದು ಬಿರಿದು ಹಿಟ್ಟಾಗುತ್ತದೆ, ಡ್ರಮ್ಮಿನಿಂದ ಆವಿ ಏಳುತ್ತದೆ, ನೀರು ಕೊತಕೊತ ಕುದಿಯುತ್ತದೆ. ಬೆಂಕಿಯಿಲ್ಲ, ಕರೆಂಟಿಲ್ಲ, ಆದರೂ ಕೈ ಇಟ್ಟರೆ ಬೊಬ್ಬೆ ಏಳುವಷ್ಟು ಬಿಸಿ. ಸುಣ್ಣ ಅರಳಿತು ಎನ್ನುತ್ತಾರೆ.

ಅದೇ ಅಂಗಳದಲ್ಲಿ ಇನ್ಯಾರೋ ಸಿಂಪಡಣೆಗೆಂದು ಯೂರಿಯಾ ಕರಗಿಸುತ್ತಿದ್ದರೆ ಅಲ್ಲಿ ನಡೆಯುವುದು ತದ್ವಿರುದ್ಧ. ಎರಡು ಹಿಡಿ ಯೂರಿಯಾ ಬಿದ್ದು ಕೋಲಾಡಿಸಿದ್ದೇ ತಡ, ಬಕೆಟ್ಟಿನ ಮೈ ತಣ್ಣಗಾಗುತ್ತದೆ. ಸುಣ್ಣ ಬಿಸಿಯನ್ನು ಹೊರಗೆ ಹಾಕಿತು, ಯೂರಿಯಾ ನೀರಿನಲ್ಲಿದ್ದ ಬಿಸಿಯನ್ನೇ ಹೀರಿತು. ಆದರೆ ಎರಡನ್ನೂ ಯಾರೂ ಒತ್ತಾಯ ಮಾಡಲಿಲ್ಲ. ಎರಡೂ ತಾವಾಗಿಯೇ ನಡೆದವು.

19ನೇ ಶತಮಾನದ ರಸಾಯನಶಾಸ್ತ್ರಜ್ಞರಿಗೆ ಈ ಎರಡನೆಯ ಬಕೆಟ್ಟು ದೊಡ್ಡ ತಲೆನೋವಾಗಿತ್ತು. ಡೆನ್ಮಾರ್ಕಿನ ಯೂಲಿಯಸ್ ಥಾಮ್ಸನ್, ಪ್ಯಾರಿಸ್ಸಿನ ಮಾರ್ಸೆಲಿನ್ ಬರ್ತಲೋ ಇಬ್ಬರೂ ಸಾವಿರಾರು ಕ್ರಿಯೆಗಳ ಶಾಖವನ್ನು ಅಳೆದವರು. ಯಾವ ಕ್ರಿಯೆ ಶಾಖ ಬಿಡುತ್ತದೋ ಅದು ತಾನಾಗಿ ನಡೆಯುತ್ತದೆ, ಹೆಚ್ಚು ಶಾಖ ಬಿಡುವ ದಿಕ್ಕೇ ವಸ್ತುಗಳು ಹಿಡಿಯುವ ದಿಕ್ಕು ಎಂಬುದು ಅವರ ಸೂತ್ರ. ಒಲೆ ಉರಿಯುವುದು, ಕಬ್ಬಿಣ ತುಕ್ಕು ಹಿಡಿಯುವುದು, ಸುಣ್ಣ ಅರಳುವುದು ಎಲ್ಲವೂ ಈ ಸೂತ್ರಕ್ಕೆ ಸರಿಯಾಗಿ ಕೂರುತ್ತಿದ್ದವು. ಶಾಖ ಹೀರುತ್ತಾ ತಾನಾಗಿ ನಡೆಯುವ ಕ್ರಿಯೆಗಳು ಮಾತ್ರ ಕೂರುತ್ತಿರಲಿಲ್ಲ. ಅದಕ್ಕಿಂತ ಕಷ್ಟದ ಪ್ರಶ್ನೆ ಸುಣ್ಣದ್ದೇ ಆಗಿತ್ತು. ಒಂದು ತಾಪಮಾನದವರೆಗೆ ಕಲ್ಲಾಗಿಯೇ ಉಳಿಯುವ ವಸ್ತು ಅದನ್ನು ದಾಟಿದೊಡನೆ ಶಾಖ ಹೀರಿ ಒಡೆಯುವುದೇಕೆ? ತಣಿದ ಮೇಲೆ ಅದೇ ಸುಣ್ಣ ಗಾಳಿಯಿಂದ ಅನಿಲ ಹೀರಿ ಮತ್ತೆ ಕಲ್ಲಾಗುವುದೇಕೆ?

ಬಂದೂಕಿನ ನಳಿಗೆಯೊಳಗೆ

ಸುಣ್ಣಕಲ್ಲನ್ನು ಸುಟ್ಟಾಗ ಅದರ ತೂಕ ಇಳಿಯುವುದೇಕೆಂದು ತೋರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1750ರ ದಶಕದ ನಡುವಿನ ಮಾತು ಅದು. ಕಲ್ಲಿನೊಳಗೆ ಒಂದು ಅನಿಲ ಸೆರೆಯಾಗಿದೆ, ಸುಟ್ಟಾಗ ಅದು ಹೊರಬೀಳುತ್ತದೆ ಎಂದ. ಇಂದು ನಾವು ಕಾರ್ಬನ್ ಡೈಆಕ್ಸೈಡ್ ಎನ್ನುವುದು ಅದನ್ನೇ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ ಕೈಗೆ ಸಿಗುವ ಸುಣ್ಣ 56 ಕಿಲೋ. ಉಳಿದ 44 ಕಿಲೋ ಗಾಳಿಪಾಲು.

ಅದೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇಮ್ಸ್ ಹಟನ್ ಎಂಬ ಭೂವಿಜ್ಞಾನಿ ಅಮೃತಶಿಲೆಯೆಂದರೆ ಭೂಮಿಯ ಒಡಲಿನ ಬಿಸಿಯಲ್ಲಿ ಬೆಂದ ಸುಣ್ಣಕಲ್ಲು ಎಂದು ವಾದಿಸಿದ್ದ. ಎದುರಾಳಿಗಳು ನಕ್ಕರು. ಸುಣ್ಣಕಲ್ಲನ್ನು ಬಿಸಿ ಮಾಡಿದರೆ ಸುಣ್ಣವಾಗುತ್ತದೆಯೇ ಹೊರತು ಅಮೃತಶಿಲೆ ಎಲ್ಲಿಂದ ಬರಬೇಕು? ಅನಿಲ ಹೊರಹೋಗದಂತೆ ಮೇಲಿನ ಭಾರ ತಡೆಯುತ್ತದೆ ಎಂಬುದು ಹಟನ್‌ನ ಉತ್ತರ. ಅವನ ಸ್ನೇಹಿತ ಸರ್ ಜೇಮ್ಸ್ ಹಾಲ್ ಇದನ್ನು ಪರೀಕ್ಷಿಸಲು ಹೊರಟ. ಹಟನ್ 1797ರಲ್ಲಿ ತೀರಿಕೊಂಡ ಬಳಿಕವೇ ಈ ಕೆಲಸಕ್ಕೆ ಕೈಹಾಕಿದ ಹಾಲ್, ಸೀಮೆಸುಣ್ಣದ ಪುಡಿಯನ್ನು ಬಂದೂಕಿನ ನಳಿಗೆಗೆ ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ಕುಲುಮೆಯಲ್ಲಿಟ್ಟು ಕಾಯಿಸಿದ. ನಳಿಗೆಗಳು ಸಿಡಿದವು, ಸೋರಿದವು. ಐನೂರಕ್ಕೂ ಹೆಚ್ಚು ಪ್ರಯೋಗಗಳಾದವು. ಕೊನೆಗೆ ಕೆಲವು ನಳಿಗೆಗಳನ್ನು ಬಿಚ್ಚಿದಾಗ ಪುಡಿ ಇದ್ದ ಜಾಗದಲ್ಲಿ ಹರಳುಗಟ್ಟಿದ, ಅಮೃತಶಿಲೆಯನ್ನು ಹೋಲುವ ಗಟ್ಟಿ ಕಲ್ಲಿತ್ತು. ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಹೊರಗೆ ಸುಣ್ಣವಾಗಿಸುವ ಬಿಸಿಯೇ ಒಳಗೆ ಕಲ್ಲನ್ನು ಕಲ್ಲಾಗಿಯೇ ಉಳಿಸಿತ್ತು.

ಲೆಕ್ಕ ಇನ್ನಷ್ಟು ಚೊಕ್ಕವಾದದ್ದು 1867ರಲ್ಲಿ. ಫ್ರಾನ್ಸಿನ ಹೆನ್ರಿ ದೆಬ್ರೇ ಎಂಬವನು ಸುಣ್ಣಕಲ್ಲಿನ ಶುದ್ಧ ಹರಳುಗಳನ್ನು ಗಾಳಿ ತೆಗೆದ ಕೊಳವೆಯಲ್ಲಿಟ್ಟು, ಆ ಕೊಳವೆಯನ್ನು ಕುದಿಯುವ ಲೋಹದ ಆವಿಯಲ್ಲಿ ಹಿಡಿದ. ಕುದಿಯುತ್ತಿರುವಷ್ಟು ಹೊತ್ತೂ ಆವಿಯ ತಾಪಮಾನ ಕದಲುವುದಿಲ್ಲವಲ್ಲ, ಅದಕ್ಕೆ ಈ ಉಪಾಯ. ಕ್ಯಾಡ್ಮಿಯಂ ಆವಿಯಲ್ಲಿ ಹೊರಬಂದ ಅನಿಲದ ಒತ್ತಡ ಪಾದರಸದ 85 ಮಿಲಿಮೀಟರಿಗೆ ಬಂದು ನಿಂತಿತು. ಅನಿಲ ಒಂದಿಷ್ಟು ಹೊರತೆಗೆದರೆ ಕಲ್ಲು ಮತ್ತಷ್ಟು ಒಡೆದು ಅದೇ ಮಟ್ಟಕ್ಕೆ ತರುತ್ತಿತ್ತು. ತಣಿಸಿದರೆ ಸುಣ್ಣ ಅನಿಲವನ್ನು ಮರಳಿ ಹೀರುತ್ತಿತ್ತು. ಇನ್ನೂ ಬಿಸಿಯಾದ ಸತುವಿನ ಆವಿಯಲ್ಲಿ ಒತ್ತಡ 520 ಮಿಲಿಮೀಟರಿಗೆ ಏರಿತು. ಪ್ರತಿ ತಾಪಮಾನಕ್ಕೂ ಅದರದೇ ಒಂದು ಒತ್ತಡ. ಅದಕ್ಕಿಂತ ಕಡಿಮೆಯಿದ್ದರೆ ಕಲ್ಲು ಒಡೆಯುತ್ತದೆ, ಹೆಚ್ಚಿದ್ದರೆ ಸುಣ್ಣ ಕಲ್ಲಾಗುತ್ತದೆ.

ಬೇಸಿಗೆಯ ಬಾವಿ, ತುಂಬಿದ ಕೆರೆ

ಇದರ ಹಿಂದಿನ ಕಾರಣವನ್ನು ಬಿಡಿಸಿಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಸಯ್ಯಾ ವಿಲರ್ಡ್ ಗಿಬ್ಸ್. 1876ರಿಂದ 1878ರ ನಡುವೆ ಕನೆಕ್ಟಿಕಟ್‌ನ ಒಂದು ವಿದ್ವತ್ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಬಂದ ಅವರ ದೀರ್ಘ ಪ್ರಬಂಧವನ್ನು ಆಗ ಓದಿದವರು ಕಡಿಮೆ, ಅರ್ಥಮಾಡಿಕೊಂಡವರು ಇನ್ನೂ ಕಡಿಮೆ. ಅದನ್ನು ಫ್ರೆಂಚಿಗೆ ತಂದವರು ಹೆನ್ರಿ ಲ ಶಾತೆಲಿಯೇ. ಸಿಮೆಂಟಿನ ರಸಾಯನವನ್ನು ಬಗೆಯುತ್ತಾ, ತಮ್ಮದೇ ಉಷ್ಣಮಾಪಕದಿಂದ ಸುಣ್ಣಕಲ್ಲಿನ ಒಡೆತವನ್ನು ಮತ್ತೆ ಅಳೆದವರೂ ಅವರೇ.

ಗಿಬ್ಸ್ ಹೇಳಿದ್ದರ ಸಾರ ಇಷ್ಟು. ಕ್ರಿಯೆಯ ಹಣೆಬರಹ ಶಾಖವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಎಂಟ್ರೊಪಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಣುಗಳೂ ಅವುಗಳ ಶಕ್ತಿಯೂ ಎಷ್ಟು ಬಗೆಯಲ್ಲಿ ಹರಡಿಕೊಳ್ಳಬಹುದು ಎಂಬುದರ ಅಳತೆಯೇ ಎಂಟ್ರೊಪಿ. ಹರಳಿನಲ್ಲಿ ಕಟ್ಟುನಿಟ್ಟಾಗಿ ಕೂತ ಅಣುವಿಗೆ ಅಂಥ ಸ್ವಾತಂತ್ರ್ಯ ಕಡಿಮೆ, ಅನಿಲದಲ್ಲಿ ಓಡಾಡುವ ಅಣುವಿಗೆ ಬಹಳ. ಕ್ರಿಯೆ ನಡೆದಾಗ ಆ ವಸ್ತುಗಳ ಎಂಟ್ರೊಪಿ, ಅವುಗಳ ಸುತ್ತಲಿನ ಜಗತ್ತಿನ ಎಂಟ್ರೊಪಿ ಎರಡನ್ನೂ ಕೂಡಿಸಬೇಕು. ಮೊತ್ತ ಏರಿದರೆ ಕ್ರಿಯೆಗೆ ದಾರಿ ಉಂಟು, ಇಳಿದರೆ ಇಲ್ಲ. ಈ ಮೊತ್ತವನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಡುವುದೇ ಪಿಯುಸಿ ಮಕ್ಕಳು ಬಾಯಿಪಾಠ ಮಾಡುವ ಗಿಬ್ಸ್ ಮುಕ್ತ ಶಕ್ತಿ. ಚಿಹ್ನೆ ಮಾತ್ರ ಇಲ್ಲಿ ತಿರುಗುಮುರುಗು: ಅದು ಋಣವಾದರೆ ಕ್ರಿಯೆ ಅನುಕೂಲ, ಧನವಾದರೆ ಪ್ರತಿಕೂಲ.

ಸುಣ್ಣಕಲ್ಲಿಗೇ ಲೆಕ್ಕ ಹಾಕೋಣ. 100 ಗ್ರಾಂ ಕಲ್ಲು ಪೂರ್ತಿ ಒಡೆಯಲು ಸುಮಾರು 178 ಕಿಲೋಜೌಲ್ ಶಾಖ ಬೇಕು. ಅನಿಲ ಬಿಡುಗಡೆಯಾಗುವುದರಿಂದ ಎಂಟ್ರೊಪಿ ಕೆಲ್ವಿನ್ನಿಗೆ 161 ಜೌಲ್‌ನಷ್ಟು ಏರುತ್ತದೆ. ಇದು ಲಾಭ. ನಷ್ಟವೂ ಇದೆ: ಆ 178 ಕಿಲೋಜೌಲನ್ನು ಸುತ್ತಲಿನಿಂದ ಕಿತ್ತುಕೊಂಡದ್ದರಿಂದ ಅಲ್ಲಿನ ಎಂಟ್ರೊಪಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಕಿತ್ತುಕೊಂಡ ಶಾಖವನ್ನು ತಾಪಮಾನದಿಂದ ಭಾಗಿಸಬೇಕು. ತಾಪಮಾನ ಈ ಲೆಕ್ಕಕ್ಕೆ ಕಾಲಿಡುವುದು ಇಲ್ಲಿ. 25 ಡಿಗ್ರಿ ಸೆಲ್ಸಿಯಸ್, ಎಂದರೆ 298 ಕೆಲ್ವಿನ್‌ನಲ್ಲಿ ನಷ್ಟ 597. ಲಾಭ ಬರೀ 161. ಕಲ್ಲು ಕಲ್ಲಾಗಿಯೇ ಇರುತ್ತದೆ. 900 ಡಿಗ್ರಿ, ಎಂದರೆ 1173 ಕೆಲ್ವಿನ್‌ನಲ್ಲಿ ಅದೇ ಶಾಖದ ನಷ್ಟ 152ಕ್ಕೆ ಇಳಿಯುತ್ತದೆ. ಈಗ ಲಾಭವೇ ಮೇಲು, ಕಲ್ಲು ಒಡೆಯುತ್ತದೆ.

ಬೇಸಿಗೆಯಲ್ಲಿ ತಳ ಕಂಡ ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಎದ್ದು ಕಾಣುತ್ತದೆ. ಕೋಡಿ ಬಿದ್ದ ಕೆರೆಯಿಂದ ಅಷ್ಟೇ ನೀರು ಎತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಣ್ಣನೆಯ ಜಗತ್ತಿನಿಂದ ಕಿತ್ತ ಶಾಖಕ್ಕೂ ಕಾದು ಕೆಂಪಾದ ಗೂಡಿನಿಂದ ಕಿತ್ತ ಶಾಖಕ್ಕೂ ಇರುವ ವ್ಯತ್ಯಾಸ ಇದೇ. ಬೆಂಕಿ ಕಲ್ಲನ್ನು ಬಡಿದು ಒಡೆಯುತ್ತದೆ ಎಂದು ನಾವು ಭಾವಿಸುವುದುಂಟು. ಅದು ನಿಜವಾಗಿ ಮಾಡುವುದು ಶಾಖ ಹೀರುವುದರ ನಷ್ಟವನ್ನು ಚಿಕ್ಕದು ಮಾಡುವ ಕೆಲಸ. ನಷ್ಟ ಚಿಕ್ಕದಾದಷ್ಟೂ ವಸ್ತುವಿನ ಎಂಟ್ರೊಪಿಯ ಮಾತಿಗೆ ಬೆಲೆ ಹೆಚ್ಚು.

ಇಷ್ಟು ತಿಳಿದರೆ ಎಲ್ಲ ಕ್ರಿಯೆಗಳನ್ನೂ ನಾಲ್ಕು ಗುಂಪು ಮಾಡಬಹುದು. ಶಾಖ ಬಿಟ್ಟು ಎಂಟ್ರೊಪಿಯನ್ನೂ ಏರಿಸುವ ಕ್ರಿಯೆ ಯಾವ ತಾಪಮಾನದಲ್ಲೂ ಅನುಕೂಲ. ಶಾಖ ಹೀರಿ ಎಂಟ್ರೊಪಿಯನ್ನೂ ಇಳಿಸುವಂಥದ್ದು ತಾನಾಗಿ ಎಂದೂ ನಡೆಯದು. ಶಾಖ ಹೀರಿದರೂ ಎಂಟ್ರೊಪಿ ಏರಿಸುವಂಥದ್ದಕ್ಕೆ ಬಿಸಿಯೇ ಪಕ್ಷಪಾತಿ. ಶಾಖ ಬಿಟ್ಟು ಎಂಟ್ರೊಪಿ ಇಳಿಸುವಂಥದ್ದು ತಣ್ಣಗಿದ್ದಾಗ ಮಾತ್ರ ಸೈ. ಯೂರಿಯಾ ಕರಗುವುದು ಮೂರನೆಯ ಗುಂಪಿನದು. ಅದರ ಗಡಿ ಎಷ್ಟು ಕೆಳಗಿದೆಯೆಂದರೆ ನಮ್ಮ ಅಂಗಳದ ಬಿಸಿಯೇ ಅದಕ್ಕೆ ಧಾರಾಳ ಸಾಕು. ಸುಣ್ಣ ಅರಳುವುದು ನಾಲ್ಕನೆಯ ಗುಂಪು. ಅರಳಿದ ಸುಣ್ಣವನ್ನು 500 ಡಿಗ್ರಿಗಿಂತ ಸ್ವಲ್ಪ ಮೇಲೆ ಕಾಯಿಸಿದರೆ ಅದು ನೀರನ್ನು ಬಿಟ್ಟುಕೊಟ್ಟು ಮತ್ತೆ ಸುಟ್ಟ ಸುಣ್ಣವಾಗುತ್ತದೆ.

ಗೂಡಿಗೆ ಗಾಳಿ ಯಾಕೆ ಬೇಕು

ಕರಾವಳಿಯಲ್ಲಿ ಸುಣ್ಣಕ್ಕೆ ಕಲ್ಲಿಗಿಂತ ಚಿಪ್ಪೇ ಹೆಚ್ಚು ಬಳಕೆ. ಹೊಳೆ ಕಡಲು ಸೇರುವೆಡೆ ಸಿಗುವ ಚಿಪ್ಪುಗಳೂ ಬಯಲುಸೀಮೆಯ ಸುಣ್ಣಕಲ್ಲೂ ರಸಾಯನದಲ್ಲಿ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು ಹೀಗೆ ಪೇರಿಸಿ, ಕೆಳಗಿನಿಂದ ಗಾಳಿ ಆಡುವಂತೆ ಬಾಯಿ ಬಿಟ್ಟು ಬೆಂಕಿ ಕೊಡುತ್ತಾರೆ. ಗಾಳಿ ಬೆಂಕಿಗೆ ಉಸಿರು ಕೊಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಮಾಡುವ ಇನ್ನೊಂದು ಕೆಲಸ ದೆಬ್ರೇಯ ಕೊಳವೆಯನ್ನು ನೆನಪಿಸಿಕೊಂಡರೆ ತಿಳಿಯುತ್ತದೆ. ಬಿಡುಗಡೆಯಾದ ಅನಿಲ ಅಲ್ಲಿಯೇ ದಟ್ಟೈಸಿದರೆ ಒಡೆತ ನಿಲ್ಲುತ್ತದೆ, ಗಾಳಿ ಅದನ್ನು ಹೊತ್ತೊಯ್ಯುತ್ತಿದ್ದರೆ ಮುಂದುವರಿಯುತ್ತದೆ. ಸುತ್ತ ಬರೀ ಕಾರ್ಬನ್ ಡೈಆಕ್ಸೈಡ್ ತುಂಬಿದ್ದರೆ ಕಲ್ಲು ಒಡೆಯಲು 900 ಡಿಗ್ರಿ ಆಸುಪಾಸು ಬೇಕು. ನಾವು ಉಸಿರಾಡುವಂಥ ಗಾಳಿಯಲ್ಲಾದರೆ ಲೆಕ್ಕದ ಪ್ರಕಾರ 500 ಡಿಗ್ರಿ ದಾಟಿದೊಡನೆ ದಾರಿ ತೆರೆಯುತ್ತದೆ. ಆದರೆ ಅಲ್ಲಿ ವೇಗ ಬಹಳ ನಿಧಾನ.

ಸುಟ್ಟ ಸುಣ್ಣದ ದಪ್ಪ ಹರಳೊಂದನ್ನು ಒಡೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊರಗೆ ಬೆಳ್ಳಗೆ, ಹಗುರ, ನಾಲಗೆಗೆ ಅಂಟುವಷ್ಟು ರಂಧ್ರಮಯ. ನಟ್ಟನಡುವೆ ಕೆಲವೊಮ್ಮೆ ಬೂದು ಬಣ್ಣದ ಗಟ್ಟಿ ತಿರುಳು. ಬಿಸಿ ಅಲ್ಲಿಗೆ ತಡವಾಗಿ ಮುಟ್ಟಿತು, ಅನಿಲಕ್ಕೆ ಹೊರಬರಲು ದಾರಿಯೂ ಉದ್ದವಾಯಿತು. ನೀರಿಗೆ ಹಾಕಿದರೆ ಆ ತಿರುಳು ಅರಳುವುದಿಲ್ಲ, ಡ್ರಮ್ಮಿನ ತಳದಲ್ಲಿ ಕಲ್ಲಾಗಿಯೇ ಉಳಿಯುತ್ತದೆ. ಹಾಗೆಂದು ಬೆಂಕಿಯನ್ನು ಮನಬಂದಂತೆ ಏರಿಸಿದರೂ ಕೇಡು. ಅತಿಯಾಗಿ ಬೆಂದ ಸುಣ್ಣದ ರಂಧ್ರಗಳು ಮುಚ್ಚಿಕೊಂಡು ಅದು ಅರಳುವುದೇ ತಡವಾಗುತ್ತದೆ. ಗೋಡೆಗೆ ಬಳಿದ ಮೇಲೆ ನಿಧಾನವಾಗಿ ಅರಳಿ ಗಾರೆಯನ್ನು ಎಬ್ಬಿಸುತ್ತದೆ.

ಗೋಡೆ ಸೇರಿದ ಸುಣ್ಣದ ಮುಂದಿನ ಕತೆ ಹಿಮ್ಮುಖ. ಅರಳಿದ ಸುಣ್ಣ ಗಾಳಿಯಲ್ಲಿರುವ ಅಷ್ಟಿಷ್ಟು ಕಾರ್ಬನ್ ಡೈಆಕ್ಸೈಡನ್ನು ಹೀರಿ, ನೀರನ್ನು ಬಿಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ನಮ್ಮ ಹವೆಯ ತಾಪಮಾನದಲ್ಲಿ ಈ ಕ್ರಿಯೆ ಬಹಳ ಅನುಕೂಲ. ಮುಕ್ತ ಶಕ್ತಿ ಮೋಲ್‌ಗೆ ಎಪ್ಪತ್ತಕ್ಕೂ ಹೆಚ್ಚು ಕಿಲೋಜೌಲ್ ಇಳಿಯುತ್ತದೆ. ಆದರೂ ಅದು ಮೇಲ್ಮೈಯಿಂದ ಒಳಕ್ಕೆ ತೆವಳುತ್ತಾ ಹೋಗುತ್ತದೆ. ದಪ್ಪ ಗೋಡೆಯ ಗಾರೆಗೆ ವರ್ಷಗಳೇ ಬೇಕು. 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟದ ಇಟ್ಟಿಗೆ ಗುಮ್ಮಟವನ್ನು ಹಿಡಿದಿರುವುದು ಇಂಥ ಗಾರೆಯೇ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು. ಕ್ರಿಯೆ ನಡೆಯಬಲ್ಲದೇ ಎಂಬುದು ಒಂದು, ಎಷ್ಟು ಬೇಗ ನಡೆದೀತು ಎಂಬುದು ಇನ್ನೊಂದು. ಗಿಬ್ಸ್ ಲೆಕ್ಕ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ತಾಪಮಾನ ಏರಿದರೆ ವೇಗ ಸಾಮಾನ್ಯವಾಗಿ ಏರುತ್ತದೆ. ಅನುಕೂಲತೆ ಏರಬಹುದು, ಇಳಿಯಲೂಬಹುದು. ಇವೆರಡೂ ಒಂದೇ ದಿಕ್ಕಿಗೆ ಎಳೆದರೆ ಸುಣ್ಣದ ಗೂಡಿನಷ್ಟು ಸಲೀಸು. ವಿರುದ್ಧ ದಿಕ್ಕಿಗೆ ಎಳೆದರೆ ಫಜೀತಿ.

ಭದ್ರಾವತಿಯ ಇದ್ದಿಲು

1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಊದುಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉಣಿಸಿದ್ದು ಕಲ್ಲಿದ್ದಲಲ್ಲ, ಸುತ್ತಲಿನ ಕಾಡಿನ ಮರದಿಂದ ಸುಟ್ಟ ಇದ್ದಿಲು. ವಿಶ್ವೇಶ್ವರಯ್ಯನವರು ಕಂಡ ಕನಸಿನ ಆ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಕಬ್ಬಿಣದ ಅದಿರೆಂದರೆ ಕಬ್ಬಿಣಕ್ಕೆ ಆಮ್ಲಜನಕ ಬಿಗಿಯಾಗಿ ಅಂಟಿಕೊಂಡ ವಸ್ತು. ಆ ಆಮ್ಲಜನಕವನ್ನು ಇದ್ದಿಲಿನ ಕಾರ್ಬನ್ ಬಿಡಿಸಿಕೊಳ್ಳಬೇಕು. ಕೋಣೆಯ ತಾಪಮಾನದಲ್ಲಿ ಇದ್ದಿಲು, ಅದಿರಿನ ಪುಡಿ ಎರಡನ್ನೂ ಬೆರೆಸಿ ಯುಗಗಟ್ಟಲೆ ಇಟ್ಟರೂ ಕಬ್ಬಿಣ ಬರುವುದಿಲ್ಲ. ಲೆಕ್ಕವೇ ಅದಕ್ಕೆ ವಿರುದ್ಧ.

ಬಿಸಿ ಏರಿದಾಗ ಮಾತು ಬದಲಾಗುವುದೇಕೆ ಎಂಬುದನ್ನು 1944ರಲ್ಲಿ ಲಂಡನ್ನಿನ ಹೆರಾಲ್ಡ್ ಎಲಿಂಗ್‌ಹ್ಯಾಮ್ ಒಂದೇ ಚಿತ್ರದಲ್ಲಿ ತೋರಿಸಿದರು. ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ಮುಕ್ತ ಶಕ್ತಿ. ಲೋಹವೊಂದು ಆಮ್ಲಜನಕದೊಡನೆ ಕೂಡಿ ಆಕ್ಸೈಡ್ ಆಗುವಾಗ ಅನಿಲವೊಂದು ಘನದೊಳಗೆ ಸೆರೆಯಾಗುತ್ತದೆ, ಎಂಟ್ರೊಪಿ ಇಳಿಯುತ್ತದೆ. ಹಾಗಾಗಿ ಬಿಸಿ ಏರಿದಂತೆ ಬಹುತೇಕ ಎಲ್ಲ ಲೋಹಗಳ ಗೆರೆಯೂ ಮೇಲಕ್ಕೆ ಹೋಗುತ್ತದೆ, ಲೋಹಕ್ಕೂ ಆಮ್ಲಜನಕಕ್ಕೂ ಇರುವ ಬಿಗಿ ಸಡಿಲವಾಗುತ್ತದೆ. ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಆಗುವಾಗ ಮಾತ್ರ ಒಂದು ಅನಿಲ ಅಣುವಿನ ಜಾಗದಲ್ಲಿ ಎರಡು ಹುಟ್ಟುತ್ತವೆ. ಎಂಟ್ರೊಪಿ ಏರುತ್ತದೆ, ಆ ಗೆರೆ ಕೆಳಕ್ಕೆ ಇಳಿಯುತ್ತದೆ. ಏರುವ ಗೆರೆಯೂ ಇಳಿಯುವ ಗೆರೆಯೂ ಎಲ್ಲೋ ಒಂದೆಡೆ ಕತ್ತರಿಸಲೇಬೇಕು. ಕಬ್ಬಿಣದ ಆಕ್ಸೈಡಿಗೆ ಅದು 700 ಡಿಗ್ರಿಯ ಆಸುಪಾಸು. ಹಾಗಾಗಿ ಹಳ್ಳಿಯ ಕುಲುಮೆ, ತಿದಿ, ಇದ್ದಿಲಿನಿಂದಲೇ ಸಾವಿರಾರು ವರ್ಷಗಳ ಹಿಂದೆ ಕಬ್ಬಿಣ ತೆಗೆಯಲು ಸಾಧ್ಯವಾಯಿತು.

ಅಲ್ಯೂಮಿನಿಯಂ ಗೆರೆಯನ್ನು ಕಾರ್ಬನ್ ಕತ್ತರಿಸುವುದು 2000 ಡಿಗ್ರಿಯೂ ಸಾಲದಷ್ಟು ಮೇಲೆ. ಹಾಗಾಗಿ ಭೂಮಿಯ ತೊಗಟೆಯಲ್ಲಿ ಕಬ್ಬಿಣಕ್ಕಿಂತ ಹೆಚ್ಚಿದ್ದರೂ ಅಲ್ಯೂಮಿನಿಯಂ ಅಗ್ಗವಾಗಲು 1886ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಇಬ್ಬರೂ ಬೇರೆ ಬೇರೆಯಾಗಿ ವಿದ್ಯುತ್ತಿನ ಮೊರೆಹೋದರು. ತಾಪಮಾನದಿಂದ ಒಲಿಯದ ಕ್ರಿಯೆಯನ್ನು ಹೊರಗಿನಿಂದ ಕೆಲಸ ಸುರಿದು ನಡೆಸುವ ದಾರಿ ಅದು. ಅದಕ್ಕೇ ಅಲ್ಯೂಮಿನಿಯಂ ಉದ್ಯಮ ಇಂದಿಗೂ ಅಗ್ಗದ ಕರೆಂಟನ್ನು ಹುಡುಕಿಕೊಂಡು ಹೋಗುತ್ತದೆ.

ಬಿಸಿಯೇ ಶತ್ರುವಾದಾಗ

ಫಜೀತಿಯ ಉದಾಹರಣೆ ಅಮೋನಿಯಾ. ಯೂರಿಯಾ ಗೊಬ್ಬರಕ್ಕೆ ತಾಯಿ ಇದು. ಮಂಗಳೂರಿನ ಪಣಂಬೂರಿನಂಥ ಕಡೆ ಯೂರಿಯಾ ಆಗುವುದು ಇದರಿಂದಲೇ. ಒಂದು ಸಾರಜನಕ, ಮೂರು ಜಲಜನಕ, ಒಟ್ಟು ನಾಲ್ಕು ಅನಿಲ ಅಣುಗಳು ಸೇರಿ ಎರಡಾಗುತ್ತವೆ. ಶಾಖ ಬಿಡುತ್ತದೆ, ಎಂಟ್ರೊಪಿ ಇಳಿಯುತ್ತದೆ. ಕೋಣೆಯ ತಾಪಮಾನದಲ್ಲಿ ಲೆಕ್ಕ ಪೂರ್ತಿ ಅನುಕೂಲ. ಸಾಮಾನ್ಯ ಒತ್ತಡದಲ್ಲಿ 190 ಡಿಗ್ರಿ ಆಸುಪಾಸಿನಲ್ಲಿ ಅನುಕೂಲ ಕಳೆದುಹೋಗುತ್ತದೆ. ತಣ್ಣಗಿದ್ದಾಗ ಮಾಡಬಾರದೇ? ಆಗ ಸಾರಜನಕದ ಅಣು ಮಿಸುಕುವುದೇ ಇಲ್ಲ. ಅದರ ಜೋಡಿ ಬಿಡಿಸಲು ಬಿಸಿ ಬೇಕು. ಬಿಸಿ ಕೊಟ್ಟರೆ ಲೆಕ್ಕ ಕೈಕೊಡುತ್ತದೆ.

ಒತ್ತಡ ಹೆಚ್ಚಿಸಿದರೆ ಅಣುಗಳು ಕಡಿಮೆಯಿರುವ ಪಕ್ಷಕ್ಕೆ ಅನುಕೂಲ ಎಂದು ಬಲ್ಲ ಲ ಶಾತೆಲಿಯೇ 1901ರಲ್ಲಿ ಇದಕ್ಕೆ ಕೈಹಾಕಿದ್ದರು. ಉಪಕರಣ ಸಿಡಿದು ಅನಾಹುತವಾಯಿತು, ಕೆಲಸ ಅಲ್ಲಿಗೇ ನಿಂತಿತು. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹಾಬರ್ ಭಾರಿ ಒತ್ತಡದಲ್ಲಿ ಅಮೋನಿಯಾ ಹನಿಹನಿಯಾಗಿ ಇಳಿಯುವುದನ್ನು ತೋರಿಸಿದರು. ಕಾರ್ಲ್ ಬಾಷ್ 1913ರಲ್ಲಿ ಓಪಾವ್‌ನಲ್ಲಿ ಅದನ್ನು ಕಾರ್ಖಾನೆಯಾಗಿಸಿದರು. ಇಂದಿಗೂ ಪಾಕ ಹೆಚ್ಚುಕಡಿಮೆ ಅದೇ: 400ರಿಂದ 500 ಡಿಗ್ರಿ, ನೂರಾರು ಪಟ್ಟು ವಾಯುಭಾರದ ಒತ್ತಡ, ಕಬ್ಬಿಣದ ವೇಗವರ್ಧಕ. ಒಂದು ಸುತ್ತಿನಲ್ಲಿ ಅಮೋನಿಯಾ ಆಗುವುದು ಸುಮಾರು ಶೇ 15. ಆದಷ್ಟನ್ನು ತಣಿಸಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಮತ್ತೆ ತಿರುಗಿಸುತ್ತಾರೆ. ವೇಗವರ್ಧಕ ದಾರಿಯನ್ನು ಸುಗಮಗೊಳಿಸುತ್ತದೆ, ಆದರೆ ತೀರ್ಪನ್ನು ಕೂದಲೆಳೆಯಷ್ಟೂ ಬದಲಿಸಲಾರದು. ಅದು ತಾಪಮಾನ, ಒತ್ತಡಗಳ ಕೈಯಲ್ಲಿದೆ.

ಸಿಮೆಂಟು ಬಿಡುವ 44 ಕಿಲೋ

ಈ ಲೆಕ್ಕ ಇವತ್ತು ಹೆಚ್ಚು ಕಾಡುತ್ತಿರುವುದು ಸುಣ್ಣದ ಗೂಡಿನ ದೈತ್ಯ ಸಂತಾನವಾದ ಸಿಮೆಂಟು ಕಾರ್ಖಾನೆಗಳನ್ನು. ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಸೇಡಂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಇತ್ತ ಬಾಗಲಕೋಟೆ. ಇವೆಲ್ಲ ಸುಣ್ಣಕಲ್ಲಿನ ನೆಲ, ಹಾಗಾಗಿ ಸಿಮೆಂಟಿನ ನೆಲ. ಅಲ್ಲಿನ ತಿರುಗುವ ಕುಲುಮೆಗಳಲ್ಲಿ 1450 ಡಿಗ್ರಿ ಬಿಸಿ. ಅದಕ್ಕೂ ಮುಂಚೆ ಕಲ್ಲು ಒಡೆದು ತನ್ನ ಅನಿಲವನ್ನು ಬಿಟ್ಟಿರುತ್ತದೆ.

ಸಿಮೆಂಟಿನ ಕಾರ್ಬನ್ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉರುವಲಿನದ್ದಲ್ಲ, ಕಲ್ಲಿನದೇ. ಕಲ್ಲಿದ್ದಲ ಬದಲು ಸೌರ ವಿದ್ಯುತ್ತಿನಿಂದ ಕಾಯಿಸಿದರೆ ಉರುವಲಿನ ಪಾಲು ತಪ್ಪೀತು. 100 ಕಿಲೋ ಸುಣ್ಣಕಲ್ಲಿನೊಳಗಿನ 44 ಕಿಲೋ ತಪ್ಪದು. ಅದು ಬಿಡುಗಡೆಯಾಗುವುದರಿಂದಲೇ ಎಂಟ್ರೊಪಿ ಏರುವುದು, ಎಂಟ್ರೊಪಿ ಏರುವುದರಿಂದಲೇ ಕ್ರಿಯೆ ನಡೆಯುವುದು. ಅನಿಲ ಬಿಡದೆ ಸುಣ್ಣ ಕೊಡು ಎಂದು ಸುಣ್ಣಕಲ್ಲನ್ನು ಕೇಳುವಂತಿಲ್ಲ.

ಹಾಗಾಗಿ ಉಳಿದಿರುವ ದಾರಿಗಳು ಮೂರೇ: ಸುಣ್ಣಕಲ್ಲನ್ನು ಕಡಿಮೆ ಬಳಸುವುದು, ಹೊರಬಂದ ಅನಿಲವನ್ನು ಹಿಡಿದಿಡುವುದು, ಬೇರೆ ಕಚ್ಚಾವಸ್ತು ಹುಡುಕುವುದು. ಮೊದಲನೆಯದಕ್ಕೆ ಊದುಕುಲುಮೆಯ ಕಿಟ್ಟ, ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಈಗಾಗಲೇ ಸಿಮೆಂಟಿಗೆ ಬೆರಕೆಯಾಗುತ್ತಿವೆ. ಎರಡನೆಯದಕ್ಕೆ ಇದೇ ಗಡಿ ತಾಪಮಾನವನ್ನು ಪಳಗಿಸುವ ಒಂದು ಉಪಾಯವಿದೆ. ಸುಮಾರು 650 ಡಿಗ್ರಿಯಲ್ಲಿ ಹೊಗೆಯೊಳಗಿನ ಕಾರ್ಬನ್ ಡೈಆಕ್ಸೈಡನ್ನು ಸುಣ್ಣಕ್ಕೆ ಕುಡಿಸುವುದು, ಕಲ್ಲಾದ ಅದನ್ನು ಇನ್ನೊಂದು ಕುಲುಮೆಗೆ ಒಯ್ದು 900ರ ಸುಮಾರಿಗೆ ಕಾಯಿಸಿ ಅನಿಲವನ್ನು ಪ್ರತ್ಯೇಕವಾಗಿ ಹಿಡಿಯುವುದು, ಸುಣ್ಣವನ್ನು ಮತ್ತೆ ಮೊದಲಿನ ಕೆಲಸಕ್ಕೆ ಹಚ್ಚುವುದು. ಸ್ಪೇನಿನ ಲಾ ಪೆರೆಡಾದಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರವೊಂದರ ಹೊಗೆಯ ಮೇಲೆ ಇದನ್ನು ಪ್ರಾಯೋಗಿಕವಾಗಿ ನಡೆಸಿ ನೋಡಿದ್ದಾರೆ. ಸುತ್ತು ಹೆಚ್ಚಿದಂತೆ ಸುಣ್ಣ ಮಂಕಾಗುತ್ತದೆ, ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಹೊಸ ಕಲ್ಲು ಸೇರಿಸುತ್ತಲೇ ಇರಬೇಕು. ಹಿಡಿದ ಅನಿಲವನ್ನು ಎಲ್ಲಿಡುವುದು, ಅದರ ಖರ್ಚು ಯಾರ ತಲೆಗೆ ಎಂಬ ಜಗಳ ಬೇರೆ.

ಆ ಜಗಳ ಮನುಷ್ಯರದು, ಬಗೆಹರಿಸಿಕೊಳ್ಳಬಹುದು. ಕಲ್ಲಿನ ಲೆಕ್ಕದಲ್ಲಿ ಮಾತ್ರ ಚೌಕಾಸಿಗೆ ಎಡೆಯಿಲ್ಲ. ಬಿಸಿ ಏರಿಸಬಹುದು, ಅನಿಲ ಒಯ್ಯಬಹುದು, ಒತ್ತಡ ಹೇರಬಹುದು, ವಿದ್ಯುತ್ ಸುರಿಯಬಹುದು. ಯಾವ ಕ್ರಿಯೆಗೆ ಇವುಗಳಲ್ಲಿ ಯಾವುದು ಒದಗುತ್ತದೆ ಎಂಬುದನ್ನು ಮುಂಚೆಯೇ ಲೆಕ್ಕ ಹಾಕಿ ತಿಳಿಯಬಹುದು ಎನ್ನುವುದೇ ಗಿಬ್ಸ್ ಕೊಟ್ಟುಹೋದ ದೊಡ್ಡ ಉಳಿತಾಯ. ಜೇಮ್ಸ್ ಹಾಲ್ ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿ ಕಂಡುಕೊಂಡ ದಾರಿಯ ದಿಕ್ಕನ್ನು ಇಂದು ಪಿಯುಸಿ ವಿದ್ಯಾರ್ಥಿ ಒಂದು ಭಾಗಾಕಾರದಲ್ಲಿ ಹೇಳಬಲ್ಲ.